ಐದನೇ ಯಾಕ

ಆಯುಧ ಪೂಜಾದ ಕುಂಕುಮ ಮಷೀನಿನ ಮ್ಯಾಲ ಇನ್ನೂ ಹಸಿ ಇತ್ತು,
ತಾರಿಹಾಳದ ನಮ್ಮ ಫ್ಯಾಕ್ಟರಿಗೆ
ನಿಂಬಾಳ್ಕರ್ ಸಾಹೇಬ್ರು ಬಂದ್ರು, ಲ್ಯಾಪ್‌ಟಾಪ್ ತಗದ್ರು.
ಏನರ ಕೆಟ್ರ ಐದು ಸಲ 'ಯಾಕ' ಅಂತ ಕೇಳ್ರಿ, ಅಂದ್ರು,
ಉಳ್ಳಾಗಡ್ಡಿ ಸುಲದಂಗ, ಸಿಪ್ಪಿ ಮ್ಯಾಲ ಸಿಪ್ಪಿ,
ಒಳಗ ಬೇರು ಸಿಗತೈತಿ.
ಉಳ್ಳಾಗಡ್ಡಿಗೆ ಒಳಗ ಬೇರು ಇರಂಗಿಲ್ಲ ಅಂತ
ಹಿಂದಿನ ಬೆಂಚಿನ್ಯಾಗ ನೀಲವ್ವ ಅಂದದ್ದು
ನನಗಷ್ಟ ಕೇಳಿಸ್ತು.

ನೆಲಕ್ಕ ಹಳದಿ ಪಟ್ಟಿ ಎಳದ್ರು.
ಗ್ವಾಡಿ ಮ್ಯಾಲ ಪಾನಾ, ಸುತ್ತಿಗಿ, ಇಕ್ಕಳದ ನೆರಳು ಬಿಡಿಸಿದ್ರು.
ಪಾನಾ ಒಂದು ಕಡಿಮಿ ಆದ್ರ
ಗ್ವಾಡಿನ ಹೇಳತಿತ್ತು.

ಎಳ್ಳಮಾಸಿ ಹಿಂದಿನ ವಾರ ಮೂರನೇ ನಂಬರ್ ಮಷೀನು ನಿಂತಿತು.
ಬಿಳಿ ಬೋರ್ಡಿನ ಮುಂದ, ನನ್ನ ಕೈಯಾಗ ಪೆನ್ನು.

ಯಾಕ ನಿಂತೈತಿ? ಮೋಟಾರ್ ಸುಟ್ಟೈತಿ.
ಯಾಕ ಸುಟ್ಟೈತಿ? ಬೇರಿಂಗ್ ಬಿಗದೈತಿ.
ಯಾಕ ಬಿಗದೈತಿ? ಎಣ್ಣಿ ಕಂಡು ಐವತ್ತು ದಿನ ಆತು.
ಯಾಕ ಕಂಡಿಲ್ಲ?

ಎಣ್ಣಿ ಬಿಡಾಂವ ಮೌಲಾಸಾಬ ನದಾಫ.
ಸ್ಕ್ರೂಡ್ರೈವರಿನ ತುದಿ ಬೇರಿಂಗಿಗೆ, ಹಿಡಿಕಿ ಕಿವಿಗೆ,
ಕಣ್ಣು ಮುಚ್ಚಿ ನಿಂದರತಿದ್ದ,
ಬಸರಿ ಹೊಟ್ಟಿಗೆ ಕಿವಿ ಹಚ್ಚಿದ ಸೂಲಗಿತ್ತಿ ಹಂಗ.
"ಇನ್ನ ಎಂಟು ದಿನ ತಡೀತೈತಿ, ಆಮ್ಯಾಲ ಅಳತೈತಿ" ಅಂತಿದ್ದ.
ಅಂವಾ ಕೇಳಾಕ ನಿಂತ ಹೊತ್ತು
ಸಾಹೇಬ್ರ ಹಾಳ್ಯಾಗ 'ಖಾಲಿ ವೇಳೆ' ಅಂತ ಕೆಂಪಾಗಿತ್ತು.
ದೀಪಾವಳಿ ಬೋನಸ್ಸಿನ ಹೊತ್ತಿಗೆ ಆ ಕೆಂಪು ಹಸರಾತು.
ಎಲ್ಲಾರೂ ಚಪ್ಪಾಳಿ ಹೊಡದ್ವಿ. ನಾನೂ.

'ಎಣ್ಣಿ ಹಾಕಾವ್ರಿಲ್ಲ' ಅಂತ ಬರದೆ.
ಐದನೇದಕ್ಕ ಬಂದಾಗ
ಪೆನ್ನಿನ್ಯಾಗ ಶಾಯಿ ಇತ್ತು, ಬೋರ್ಡಿನ್ಯಾಗ ಜಾಗ ಇತ್ತು,
ಬಾಗಲದಾಗ ಮಾಲಕರಿದ್ರು.
'ತರಬೇತಿ ಕೊರತೆ' ಅಂತ ಬರದೆ.
ಅಕ್ಷರ ಛಲೋ ಅದಾವ ಅಂದ್ರು,
ಫೋಟೋ ತಗದು, ಕಟ್ಟು ಹಾಕಿಸಿ,
ಆಫೀಸಿನ್ಯಾಗ ತೂಗಹಾಕ್ಯಾರ.

ಸಂಜಿಮುಂದ ಕ್ರಾಸಿನ್ಯಾಗ ಮೌಲಾಸಾಬನ ಗಾಡಿ.
ಗಿರ್ಮಿಟ್ ಕಲಸ್ಕೋತ ಕಲಸ್ಕೋತ
ಹಾದು ಹೋದ ಲಾರಿಗೆ ಕಿವಿ ಕೊಟ್ಟು
"ಎಡಗಡೆ ಹಿಂದಿನ ಗಾಲಿ. ಹಾವೇರಿ ಮುಟ್ಟಂಗಿಲ್ಲ" ಅಂದ.
ಉಳ್ಳಾಗಡ್ಡಿ ಹೆಚ್ಚಿ ಮ್ಯಾಲ ಉದುರಿಸಿದ.
"ಮೂರನೇದು ಹೆಂಗೈತಿ?"

ನಾ ಮಿರ್ಚಿಯ ತುಂಬು ಹಿಡಕೊಂಡು
ಹಂಗ ನಿಂತೆ.
"ಯಾಕೋ," ಅಂದ,
"ಖಾರಾತೇನು?"