ವೇಬಿಲ್ಲು

ಮೂವತ್ತೆರಡು ವರ್ಷ ಹಾಸನಕ್ಕೆ ಬಂದಿದ್ದೇನೆ,
ಹಾಸನ ನೋಡಿರಲಿಲ್ಲ.
ನನ್ನ ಹಾಸನ ಅಂದರೆ ಮೂರನೇ ಪ್ಲಾಟ್‌ಫಾರ್ಮು,
ಕ್ಯಾಂಟೀನಿನ ಖಾಲಿ ದೋಸೆ, ಹತ್ತು ನಿಮಿಷ,
ಕಂಕುಳಲ್ಲಿ ಚರ್ಮದ ಬ್ಯಾಗು, ಸೀಟಿ, ರೈಟ್.

ರಿಟೈರಾದ ಮೇಲೆ ಸಭಾಪಾಲಕರು ಕರೆದು ಹೇಳಿದರು:
ಹದಿನೆಂಟು ತಿಂಗಳು, ಇಬ್ಬರೂ ಹೋಗಬೇಕು.
ದೇವಾಲಯದ ಹಿಂದೆ ಎರಡು ಕೋಣೆ, ಒಂದು ಹಜಾರ.
ನರ್ಸಿಂಗು ಓದುವ, ಗಾರ್ಮೆಂಟ್ಸಿಗೆ ಹೋಗುವ,
ಊರಿನ್ನೂ ಬಾಯಿಗೆ ಹತ್ತದ ಹುಡುಗ ಹುಡುಗಿಯರು.
"ಬೋಧನೆ ಮಾಡಬೇಕಾ ಅಯ್ಯನೋರೆ?"
"ಇದ್ದರೆ ಸಾಕು" ಅಂದರು.

ಇರುವುದು ಹೇಗೆ ಅಂತ
ಎಸ್ತರಳಿಗೆ ಮೊದಲೇ ಗೊತ್ತಿತ್ತು.
ಹೆರಿಗೆ ವಾರ್ಡಿನಲ್ಲಿ ರಾತ್ರಿಪಾಳಿ ಮಾಡಿದವಳು,
ಪ್ರಾರ್ಥನೆಗೆ ಮುಂಚೆ ನಾಲಿಗೆ ತೋರಿಸು ಅನ್ನುವವಳು.
ನಾನು ಮಾತ್ರ ವಾಕ್ಯ ಬರೆದ ಚೀಟಿ ಜೇಬಿನಲ್ಲಿಟ್ಟು ಕಾದೆ.
ಮೊದಲ ಶುಕ್ರವಾರ ಬಂದವರು ಏಳು ಜನ.
ಏಳೂ ಜನ ಹುಡುಕಿದ್ದು ಪ್ಲಗ್ ಪಾಯಿಂಟು.

ಮರುದಿನ ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ
ಆರು ತೂತಿನ ಬೋರ್ಡು ಕೊಂಡೆ.
ನನ್ನ ಮೊದಲ ಪ್ರಸಂಗ ಅದು.

ಆಮೇಲೆ ಬಂದರು.
ಮುದ್ದೆ ಅಗಿದು ಅಗಿದು ದವಡೆ ಹಿಡಿದುಕೊಂಡ ಸಬಿನಾ ಕುಜೂರ್,
"ಅಗೀಬಾರ್ದು ಮಗಾ, ನುಂಗ್ಬೇಕು."
ಅವಳ ಸಂಬಳದ ಚೀಟಿಯಲ್ಲಿ ಕಡಿತ ಯಾವುದು, ಪಿ.ಎಫ್. ಯಾವುದು,
ಕನ್ನಡಕ ಒರೆಸಿ ಒರೆಸಿ ಓದಿ ಹೇಳಿದೆ.
ಎರಡು ಸಲ ಫೇಲಾದ ನಿರ್ಮಲ್
ಮೂಳೆಗಳ ಹೆಸರು ಒಪ್ಪಿಸುತ್ತ ಮೊಣಕೈಗೆ ಬಂದು ನಿಂತರೆ
ಬೀನ್ಸು ಮುರಿಯುತ್ತಲೇ ಮುಂದಿನದು ಹೇಳುವಳು ಇವಳು.
ಮತ್ತೆ ಜುನಸ್. ಮನೆ ಹೆಸರು ರೈತ.
ಹೆಸರಲ್ಲಿ ರೈತ, ಕೈಯಲ್ಲಿ ಕತ್ತರಿ,
ದಿನಕ್ಕೆ ಎಂಟುನೂರು ಕಾಲರು.
ನಗುತ್ತಿದ್ದ, ಮಾತು ಕಡಿಮೆ.

ತಲೆ ಎಣಿಸುವ ಚಟ ನನಗೆ ಬಿಟ್ಟಿಲ್ಲ.
ಊಟಕ್ಕೆ ಕೂತಾಗ ಹಿಂದಿನಿಂದ ಮುಂದಕ್ಕೆ ಎಣಿಸುತ್ತೇನೆ.
ನಲವತ್ತೊಂದು.
ತೊಂಬತ್ತೊಂಬತ್ತು ಕುರಿ ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬ
ನಮ್ಮ ಡಿಪೋದಲ್ಲಿದ್ದಿದ್ದರೆ ಅವತ್ತೇ ಸಸ್ಪೆಂಡು
ಅಂತ ನಗಿಸುತ್ತಿದ್ದೆ.

ಆ ಶುಕ್ರವಾರ ನಲವತ್ತು ಬಂತು.
ಹೊಸ ಬಸ್‌ಸ್ಟ್ಯಾಂಡಿನಲ್ಲಿ, ಬೆಂಗಳೂರು ಗಾಡಿ ನಿಲ್ಲುವ ಕಡೆ,
ಚೀಲವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟು ಕೂತಿದ್ದ.
ಪಕ್ಕದಲ್ಲಿ ಕೂತೆ. ಎರಡು ಟೀ ಹೇಳಿದೆ.
ಯಾಕೆ ಅಂತ ಕೇಳಲಿಲ್ಲ.
ಬದುಕಿಡೀ
ಎಲ್ಲಿಗೆ ಅಂತ ಮಾತ್ರ ಕೇಳಿದವನು ನಾನು.
"ಮನೆಗೆ" ಅಂದ, ಕನ್ನಡದಲ್ಲಿ.
ಗಾಡಿ ಬಂತು. "ಕಿಟಕಿ ಸೀಟು ಹಿಡಿ,
ಚನ್ನರಾಯಪಟ್ಟಣ ದಾಟಿದರೆ ಚಳಿ" ಅಂತ
ನನ್ನ ಮಫ್ಲರ್ ಕೊಟ್ಟೆ.
ಮೀಸೆ ಸರಿಯಾಗಿ ಬಾರದ ಕಂಡಕ್ಟರಿಗೆ ಹೇಳಿದೆ:
ಮೆಜೆಸ್ಟಿಕ್ಕಿನಲ್ಲಿ ಎಬ್ಬಿಸಪ್ಪ ಇವನನ್ನ, ಮಲಗಿಬಿಡ್ತಾನೆ.

"ಕಳಿಸಿಬಿಟ್ರಾ?" ಅಂದಳು ಎಸ್ತರ್.
ಎರಡು ದಿನ ಮಾತಿಲ್ಲ,
ಕಾಫಿ ಲೋಟ ಮೇಜಿಗೆ ಕುಕ್ಕುವ ಸದ್ದು ಮಾತ್ರ.
ನನಗೂ ಗೊತ್ತಿಲ್ಲ, ಸರಿ ಮಾಡಿದೆನೋ ಇಲ್ಲವೋ.

ಮುಂದಿನ ವಾರ ಮತ್ತೆ ಎಣಿಸಿದೆ: ನಲವತ್ತು.
ಹಿಂದಿನಿಂದ ಅವಳ ದನಿ: "ನಲವತ್ತೊಂದು."
"ಇಲ್ಲ ಕಣೇ, ನೋಡು."
"ಪಾಸಿನೋರನ್ನ ನೀವು ಬರಕೋತಿರಲಿಲ್ವಾ?"

ಬರಕೋತಿದ್ದೆ.
ದುಡ್ಡು ಕೊಡದವರಿಗೂ ವೇಬಿಲ್ಲಿನಲ್ಲೊಂದು ಕಲಮ್ಮಿತ್ತು.
ಯಾವ ಸ್ಟಾಪಿನಲ್ಲಿ ಇಳಿದರೆಂದು
ಯಾವ ಚೆಕಿಂಗಿನವನೂ ಕೇಳದ ಕಲಮ್ಮು.

ಕಿವಿಯ ಸಂದಿಯಿಂದ ಪೆನ್ನು ತೆಗೆಯುವಷ್ಟರಲ್ಲಿ
ಒಳಗೆ ಕುಕ್ಕರು ಸೀಟಿ ಹೊಡೆಯಿತು.
ಯಾವಳೋ ತುಂಟಿ ಕೂಗಿದಳು:
ರೈಟ್ ರೈಟ್! ತಾತ, ಬಾಗಿಲಲ್ಲಿ ನಿಲ್ಲಬೇಡಿ,
ಒಳಗೆ ಬನ್ನಿ, ಜಾಗ ಇದೆ.