ಮೊಟ್ಟೆ ಚೆಂಡಿನ ವರ್ಷ

ಹಾಸನದಲ್ಲಿ ಆ ಚೆಂಡು ಕಂಡವರೆಲ್ಲ
ಕೇಳಿದ್ದು ಒಂದೇ: 'ಇದೇನ್ರೋ, ಆಲೂಗಡ್ಡೆನಾ?'

ನೆಲಕ್ಕೆ ಬಿದ್ದರೆ ಎತ್ತ ಪುಟಿಯುವುದೆಂದು
ಪಿ.ಟಿ. ಮೇಷ್ಟ್ರು ತಿಪ್ಪೇಶಪ್ಪನವರಿಗೂ ಗೊತ್ತಿರಲಿಲ್ಲ.
ರಗ್ಬಿ ನಿಯಮದ ಪುಸ್ತಕ ಜೆರಾಕ್ಸು,
ಒಂಬತ್ತನೇ ಪುಟ ಇಲ್ಲ.
ಎಪಿಎಂಸಿ ಹಿಂದಿನ ಬಯಲಲ್ಲಿ
ಮಣ್ಣು ತುಂಬಿದ ಗೋಣಿಚೀಲ ತಬ್ಬಿ ಕೆಡವಿ, ತಬ್ಬಿ ಕೆಡವಿ
ಕಲಿತೆವು.

ಮೈಸೂರಲ್ಲಿ ಸೋತೆವು. ತುಮಕೂರಲ್ಲಿ ಸೋತೆವು.
ಮಂಡ್ಯದವರು ಬರಲೇ ಇಲ್ಲ, ಅದೊಂದು ಗೆಲುವು;
ಬಸ್‌ಸ್ಟ್ಯಾಂಡಲ್ಲಿ ತಲಾ ಎರಡು ಬಜ್ಜಿ ತಿಂದು
ಎದೆ ಸೆಟೆಸಿ ನಡೆದೆವು.

ಕೊನೆಯ ಪಂದ್ಯ ಅದೇ ಬಯಲಲ್ಲಿ.
ಮೂವತ್ತೆಂಟಕ್ಕೆ ಸೊನ್ನೆ. ನಾನು ಹೊರಗೆ,
ಮುಬಾರಕನ ಕನ್ನಡಕ ಹಿಡಿದು ಕೂತಿದ್ದೆ.
ಚೆಂಡು ಯಾರೂ ಎಣಿಸದ ಕಡೆ ಹಾರಿತು.
ಎರಡು ಮಾರು ಆಚೆ ಮಸುಕಾಗಿ ಕಾಣುವ ಹುಡುಗ
ಅದನ್ನು ಅವಚಿಕೊಂಡು ಓಡಿದ;
ಗೆರೆ ದಾಟಿದ್ದೂ ತಿಳಿಯದೆ ಬೇಲಿಯತ್ತಲೇ ಓಡಿದ.
'ನೆಲಕ್ಕೊತ್ತೋ!' ಎಂದು ಕೂಗಿದೆವು,
ಸೋಮ್ಲಾ ನಾಯ್ಕ, ಮೇಷ್ಟ್ರು, ನಾನು,
ಆಟ ಏನೆಂದೇ ಅರಿಯದ ಹಮಾಲರು
ಚೀಲ ಬೆನ್ನ ಮೇಲಿಟ್ಟುಕೊಂಡೇ.

ಒತ್ತಿದ.

ಹಲಗೆಯ ಮೇಲೆ ಸೊನ್ನೆ ಅಳಿಸಿ
ಐದು ಬರೆದೆ. ಕೈ ನಡುಗಿ ಸೊಟ್ಟಗಾಯಿತು.
ತಿದ್ದಲು ಹೋದರೆ ಮೇಷ್ಟ್ರು
'ಇರಲಿ ಬಿಡೋ' ಅಂದರು,
ಮೂಗೊರೆಸಿಕೊಳ್ಳುತ್ತ.