ಹೊರಸಿನ ಮೇಲೆ ನಾಲ್ಕು ಕಾಲು

ಮೂವತ್ತೊಂದು ವರ್ಷ ಕಾಲುವೆ ದಂಡಿಗುಂಟ ನಡೆದ ಕಾಲು.
ಕೈಯಾಗ ಗೇಟಿನ ಚಾವಿ, ಕಿವಿಮ್ಯಾಲ ಬೀಡಿ.
"ಲಷ್ಕರ್ ಆದೆಪ್ಪ ಬಂದ" ಅಂದರ
ಕದ್ದು ಪೈಪು ಹಾಕಿದವರು ಪೈಪು ಬಿಟ್ಟು ಓಡತಿದ್ದರು.

ಈಗ ಮೂರನೇ ಕರೆಂಟ್ ಕಂಬಕ್ಕ ಮೀನಖಂಡ ಹಿಡಿತೈತಿ.
ಹಿಡಿತೈತಿ ಅಂದರ, ಹಸಿ ಪಂಜೆ ಹಿಂಡಿದಂಗ.
ನಿಂತೆ. ಬೀಡಿ ಹಚ್ಚಿದೆ.
ಬೀಡಿ ಅರ್ಧ ಆಗೋದರಾಗ ನೋವು ಮಾಯ.
ಮತ್ತ ಮೂರು ಕಂಬ, ಮತ್ತ ನಿಲ್ಲೋದು.
ಸಾಲಿ ಹುಡುಗರು ಹೆಸರಿಟ್ಟರು: ಪ್ಯಾಸೆಂಜರ್ ಗಾಡಿ.

ವಾಯು ಅಂದಳು ಅತ್ತಿಗಿ. ಬೂಟು ಬಿಗಿ ಅಂದರು ಸಾಹೇಬರು.
ಹರಳೆಣ್ಣಿ ತಿಕ್ಕಿದೆ, ದಾರ ಕಟ್ಟಿಸಿದೆ.
ಕಂಬ ಎರಡಕ್ಕಿಳಿದವು.

ಮೇ ತಿಂಗಳು, ಹೊರಗ ಬಂಡಿ ಸಿಡಿಯೋ ಬಿಸಲು.
ಹುಲಿಗೆಮ್ಮ ನನ್ನ ಎಡಪಾದ ಮುಟ್ಟಿ ಕೈ ಹಿಂದಕ್ಕ ತಗೊಂಡಳು:
"ನೀರಿನ ಗಡಗಿ ಮುಟ್ಟಿದಂಗ ಐತಲ್ಲ!"
ಆಗ ನೋಡಿದೆ. ಮೊಣಕಾಲ ಕೆಳಗ ಕೂದಲಿಲ್ಲ.
ಹೆಬ್ಬೆರಳಿಗೆ ಜಾಲಿಮುಳ್ಳು ನಟ್ಟಿದ್ದು ಉಗಾದಿಗೆ,
ಗಾಯ ಇನ್ನೂ ಕಣ್ಣು ಮುಚ್ಚಿಲ್ಲ.

ಸಿರವಾರದ ದವಾಖಾನಿಯಾಗ ಹರೇದ ಡಾಕ್ಟರಮ್ಮ
ಕೈನಾಡಿ ಬಿಟ್ಟು ಪಾದದ ಮ್ಯಾಲ ಎರಡು ಬೆರಳಿಟ್ಟಳು,
ಬೋರಿಗೆ ನೀರು ನೋಡೋರಂಗ ಸುಮ್ಮನಾದಳು.
ಬಲಗಾಲಿಗೆ ತಲೆ ಆಡಿಸಿದಳು.
ಎಡಗಾಲಿಗೆ ಬೆರಳು ಸರಿಸಿದಳು, ಮತ್ತ ಸರಿಸಿದಳು.
"ನಿಂತರೆ ನೋವು ಹೋಗುತ್ತಾ? ಬೀಡಿ ದಿನಕ್ಕೆಷ್ಟು?"
ಎರಡು ಅಂದೆ.
"ಎರಡು ಬೀಡಿನಾ?"
ಎರಡು ಕಟ್ಟು.

ಮ್ಯಾಲ ಹೂಳು ತುಂಬಿದರ ಕೊನೀ ಹೊಲಕ್ಕ ನೀರು ಮುಟ್ಟಂಗಿಲ್ಲ.
ಇದನ್ನ ನನಗ ಯಾರೂ ಕಲಿಸಬೇಕಾಗಿಲ್ಲ.
ಆದರ ನನ್ನ ಹೆಬ್ಬೆರಳು ಅರ್ಜಿ ಹಿಡಕೊಂಡು ಬಂದಾಗ
ನಾನೂ ಆಫೀಸಿನವರಂಗ ನಾಳೆ ಬಾ ಅಂದಿದ್ದೆ.

ಹುಲಿಗೆಮ್ಮಗೂ ಕಾಲುನೋವು.
ಖಾನಾವಳಿಯಾಗ ನಿಂತು ದಿನಕ್ಕ ಮುನ್ನೂರು ರೊಟ್ಟಿ,
ಸಂಜಿಗೆ ಬಾವು, ಎರೆಹುಳದಂಗ ಎದ್ದ ನೀಲಿ ನರ.
ಅಕಿಗೆ ನಿಂತರ ನೋವು, ನಡೆದರ ಹಗುರ.
ನನಗ ನಡೆದರ ನೋವು, ನಿಂತರ ಹಗುರ.
ನನ್ನ ಕಾಲಿಗೆ ರಕ್ತ ಇಳಿದು ಬರವಲ್ದು,
ಅಕಿ ಕಾಲಿಂದ ಏರಿ ಹೋಗವಲ್ದು.
ಇಬ್ಬರೂ ಇಷ್ಟು ದಿನ ಒಂದೇ ಎಣ್ಣಿ ತಿಕ್ಕಿದಿವಿ.

ರಾತ್ರಿ ಒಂದೇ ಹೊರಸು, ಎದುರುಬದುರು ತಲೆ.
ಅಕಿ ಎರಡು ದಿಂಬಿನ ಮ್ಯಾಲ ಕಾಲಿಟ್ಟು,
ನಾನು ಎಡಗಾಲು ನೆಲದ ಕಡೆ ಜೋತುಬಿಟ್ಟು.
ಬೀಡಿ ಬಿಟ್ಟು ಹನ್ನೊಂದು ದಿನ. ಬಾಯಿಗೆ ಸೋಂಪು.
ಬರೋ ಸೋಮವಾರ ರಾಯಚೂರಿಗೆ, ಸ್ಕ್ಯಾನಿಂಗಿಗೆ.
ಅಲ್ಲಿತನಕ ದಿನಾ ಮುಂಜಾನೆ ಕಂಬ ಎಣಿಸೋದು:
ನೋವು ಬಂದರ ನಿಲ್ಲೋದು, ಹೋದರ ನಡೆಯೋದು.

ಕತ್ತಲಾಗ ಹುಲಿಗೆಮ್ಮ ಕೈ ಚಾಚಿ ನನ್ನ ಪಾದ ಮುಟ್ಟತಾಳ.
ತಣ್ಣಗೈತೋ ಬೆಚ್ಚಗೈತೋ ಹೇಳಂಗಿಲ್ಲ.
ಕೈ ಮಾತ್ರ ತೆಗೆಯಂಗಿಲ್ಲ.